ಕಂಪನಿಯ ವೆಲ್‌ನೆಸ್ ಮನೆಯ ಹೊಸ್ತಿಲು ದಾಟುವುದು ಹೇಗೆ?

ಹೋದ ವರ್ಷ ಒಂದು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡನೇ ಮಹಡಿಯವರು ಕಾರುಗಳ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ, ಕಿವಿಯಲ್ಲಿ ಇಯರ್‌ಫೋನು. ಆ ಕಡೆ ಅಮೆರಿಕದ ಕ್ಲೈಂಟು ಮಾತಾಡುತ್ತಿದ್ದ, ಇವರು ಮ್ಯೂಟ್‌ನಲ್ಲಿದ್ದರು. ಏನ್ ಸಾರ್ ಇಷ್ಟೊತ್ತಲ್ಲಿ ಎಂದೆ. ‘ಆಫೀಸಲ್ಲಿ ಸ್ಟೆಪ್ ಚಾಲೆಂಜ್ ನಡೀತಿದೆ. ಇವತ್ತಿನ ಲೆಕ್ಕಕ್ಕೆ ಇನ್ನೂ ಸಾವಿರದ ಇನ್ನೂರು ಹೆಜ್ಜೆ ಬಾಕಿ’ ಎಂದರು. ಮನೆಯವರನ್ನೂ ಕರ್ಕೊಂಡು ಬರಬಹುದಿತ್ತಲ್ಲ ಅಂದಿದ್ದಕ್ಕೆ ನಕ್ಕರು: ‘ಅವಳು ಪಾತ್ರೆ ತೊಳೀತಿದ್ದಾಳೆ. ಬಂದ್ರೂ ಅವಳ ಹೆಜ್ಜೆ ಕೌಂಟ್ ಆಗಲ್ಲ ಸಾರ್.’

ಬೆಂಗಳೂರಿನ ಕಂಪನಿಗಳಲ್ಲಿ ನೌಕರರ ಆರೋಗ್ಯಕ್ಕಾಗಿ ವೆಲ್‌ನೆಸ್ ಪ್ರೋಗ್ರಾಂ ಎಂದು ನಡೆಯುತ್ತಿರುವುದರ ಅರ್ಧ ಕಥೆ ಆ ಒಂದು ಮಾತಿನಲ್ಲೇ ಇದೆ. ನೌಕರನ ಹೆಜ್ಜೆಗೆ ಲೆಕ್ಕ, ಬ್ಯಾಡ್ಜ್, ಗೆದ್ದವರಿಗೊಂದು ಜಿಮ್ ಬ್ಯಾಗು. ಆ ಹೆಜ್ಜೆ ಬಂದದ್ದು ಎಲ್ಲಿಂದ? ಅವರ ನಿದ್ದೆಯಿಂದ, ಮಗಳ ಜತೆಗಿನ ಅರ್ಧ ಗಂಟೆಯಿಂದ. ಈಗ ಎಚ್‌ಆರ್ ವಲಯದಲ್ಲಿ ‘ಕುಟುಂಬವನ್ನೂ ಸೇರಿಸಿಕೊಳ್ಳೋಣ’ ಎಂಬ ಮಾತು ಜೋರಾಗಿದೆ. ಆ್ಯಪ್ ಮಾರುವವರು ‘ಫ್ಯಾಮಿಲಿ ಪ್ಲಾನ್’ ತಂದಿದ್ದಾರೆ. ಉದ್ದೇಶ ಸರಿ. ಆದರೆ ನೌಕರನಿಗೇ ಅಷ್ಟಾಗಿ ಫಲ ಕೊಡದ ಔಷಧಿಯನ್ನು ಮನೆಮಂದಿಗೆಲ್ಲ ಹಂಚಿದರೆ ಆಗುವುದೇನು ಎಂದು ಮೊದಲು ನೋಡಬೇಕು.

ಸಮಸ್ಯೆ ದೊಡ್ಡದು ಎನ್ನುವುದರಲ್ಲಿ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಇದು 42%, ಹೆಂಗಸರಲ್ಲಿ 57%. ‘ಬೇಕಾದಷ್ಟು’ ಅಂದರೆ ಮಹಾ ಏನಲ್ಲ: ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ವಯಸ್ಕರದು ಮುಗಿಯಿತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಮಧುಮೇಹ ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ ಎಂದಿತು. ಹೈದರಾಬಾದಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 84% ಮಂದಿಯ ಯಕೃತ್ತಿನಲ್ಲಿ ಕೊಬ್ಬು ಕಂಡಿತ್ತು. ಅದು ಒಂದೇ ಊರಿನ ಸಣ್ಣ ಗುಂಪು, ಇಡೀ ದೇಶಕ್ಕೆ ಹಿಗ್ಗಿಸುವಂತಿಲ್ಲ. ಆದರೂ ಬೆಂಗಳೂರಿನ ಔಟರ್ ರಿಂಗ್ ರೋಡಿನ ಐಟಿಯವರು ಅದನ್ನು ಓದಿ ನಿರಾಳವಾಗಿ ಕೂರುವಂತಿಲ್ಲ.

ಕರ್ನಾಟಕದಲ್ಲಿ ಈ ಭಯ ಬೀದಿಗೆ ಬಂದದ್ದು 2025ರ ಜೂನ್-ಜುಲೈಯಲ್ಲಿ. ಹಾಸನದಲ್ಲಿ ಸಾಲು ಸಾಲು ಹೃದಯಾಘಾತ ಎಂಬ ಸುದ್ದಿ ಹಬ್ಬಿ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಕ್ಯೂ ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ನೋಡಿ, ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ವರದಿ ಕೊಟ್ಟಿತು. ಆ ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು: ಸತ್ತವರಲ್ಲಿ ಗಮನಾರ್ಹ ಪಾಲು ಆಟೋ, ಕ್ಯಾಬ್ ಓಡಿಸುವವರು. ಇದನ್ನು ಮರೆಯದಿರಿ, ಆಮೇಲೆ ಇದಕ್ಕೇ ಬರುತ್ತೇನೆ. ಆ ದಿನಗಳಲ್ಲಿ ಕಂಪನಿಗಳು ಮಾಡಿದ್ದೇನು? ‘ಹಾರ್ಟ್ ಚೆಕಪ್ ಪ್ಯಾಕೇಜ್, ಕುಟುಂಬಕ್ಕೂ ರಿಯಾಯಿತಿ’ ಎಂದು ಮೇಲ್ ಕಳಿಸಿದವು. ಚೆಕಪ್ ಬೇಡ ಎನ್ನುವುದಿಲ್ಲ. ಆದರೆ ರಕ್ತ ಕೊಟ್ಟು ಬಂದ ಮಾತ್ರಕ್ಕೆ ಯಾರ ಮೈಯೂ ಹಗುರಾಗುವುದಿಲ್ಲ. ರಿಪೋರ್ಟಿನಲ್ಲಿ ಕೆಂಪಕ್ಷರದಲ್ಲಿ ಬಂದ ಸಂಖ್ಯೆಗೆ ಸಂಜೆ ಆರೂವರೆಗೆ ಏನು ಮಾಡಬೇಕು ಎನ್ನುವುದೇ ನಿಜವಾದ ಪ್ರಶ್ನೆ.

ಈ ಕಾರ್ಯಕ್ರಮಗಳು ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂದು ಅಮೆರಿಕದಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ವಿಂಗಡಿಸಿ ಎರಡು ದೊಡ್ಡ ಪರೀಕ್ಷೆ ನಡೆದಿವೆ. ಎರಡರ ಫಲಿತಾಂಶವೂ 2019ರಲ್ಲಿ ಬಂತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5,000 ನೌಕರರ ಮೇಲೆ ನಡೆದದ್ದು ಒಂದು. ಬಿಜೆಸ್ ಎಂಬ ಸಗಟು ಅಂಗಡಿ ಸರಣಿಯ 160 ಕಡೆಗಳಲ್ಲಿ, 33,000ದಷ್ಟು ನೌಕರರನ್ನು ಒಳಗೊಂಡದ್ದು ಇನ್ನೊಂದು. ಬಿಜೆಸ್‌ನಲ್ಲಿ ಒಂದೂವರೆ ವರ್ಷದ ನಂತರ ‘ನಾನು ವ್ಯಾಯಾಮ ಮಾಡುತ್ತೇನೆ’ ಎಂದು ಹೇಳಿಕೊಳ್ಳುವವರು ಹೆಚ್ಚಾಗಿದ್ದರು. ರಕ್ತದೊತ್ತಡ, ಕೊಲೆಸ್ಟೆರಾಲ್, ತೂಕ, ಆಸ್ಪತ್ರೆ ಖರ್ಚು, ರಜೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಲಿನಾಯ್ ಪರೀಕ್ಷೆ ಇನ್ನೂ ಚುರುಕಾದ ಒಂದು ಗುಟ್ಟು ಬಿಚ್ಚಿಟ್ಟಿತು. ಇಂಥ ಕಾರ್ಯಕ್ರಮಕ್ಕೆ ತಾವಾಗಿ ಹೆಸರು ಕೊಡುವವರು ಮೊದಲೇ ಆರೋಗ್ಯವಾಗಿರುವವರು, ಮೊದಲೇ ಕಡಿಮೆ ಖರ್ಚಿನವರು. ಅವರನ್ನು ತೋರಿಸಿ ‘ನೋಡಿ, ನಮ್ಮ ಪ್ರೋಗ್ರಾಂ ಗೆದ್ದಿತು’ ಎನ್ನುವುದೆಂದರೆ ಮ್ಯಾರಥಾನ್ ಓಡಿದವನಿಗೆ ಶೂ ಕೊಟ್ಟು, ಓಡಿದ್ದು ಶೂನಿಂದ ಎಂದ ಹಾಗೆ.

ಹಾಗಾದರೆ ಕುಟುಂಬವನ್ನು ಸೇರಿಸುವುದರಲ್ಲಿ ಏನಾದರೂ ಹುರುಳಿದೆಯೇ? ಇದೆ. ಇಂಗ್ಲೆಂಡಿನಲ್ಲಿ 50 ದಾಟಿದ 3,722 ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೈ ಅಲುಗಾಡಿಸದೆ ಕೂತಿದ್ದ ಗಂಡಂದಿರ ಪೈಕಿ, ಹೆಂಡತಿ ಹೊಸದಾಗಿ ನಡೆಯಲು ಶುರುಮಾಡಿದ ಮನೆಗಳಲ್ಲಿ 67% ಜನ ತಾವೂ ಎದ್ದರು. ಹೆಂಡತಿಯೂ ಕೂತೇ ಇದ್ದ ಮನೆಗಳಲ್ಲಿ ಎದ್ದವರು 26% ಮಾತ್ರ. ಹೆಂಗಸರಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಇದಕ್ಕೆ ಅಧ್ಯಯನವೇ ಬೇಕೇ ಎಂದು ನೀವು ಕೇಳಬಹುದು. ರಾತ್ರಿ ಊಟಕ್ಕೆ ಏನು, ಎಣ್ಣೆ ಎಷ್ಟು, ಭಾನುವಾರ ಹಾಸಿಗೆಯಿಂದ ಎಷ್ಟೊತ್ತಿಗೆ ಏಳುವುದು, ಮಗುವಿನ ಕೈಗೆ ಚೆಂಡೋ ಮೊಬೈಲೋ ಎಂಬುದೆಲ್ಲ ತೀರ್ಮಾನವಾಗುವುದು ಮನೆಯಲ್ಲಿ. ಆಫೀಸಿನ ಕೆಫೆಟೇರಿಯದಲ್ಲಿ ಸಲಾಡ್ ತಿಂದವನು ಮನೆಗೆ ಬಂದು ಹತ್ತು ಗಂಟೆಗೆ ಏನು ತಿನ್ನುತ್ತಾನೆ ಎನ್ನುವುದು ಅವನೊಬ್ಬನ ಸಂಕಲ್ಪದ ಮೇಲೆ ನಿಂತಿಲ್ಲ.

ನನ್ನ ವಾದ ಇಷ್ಟೇ. ಕುಟುಂಬದ ಫಿಟ್‌ನೆಸ್ ಮನೆಯಲ್ಲಿ ಹುಟ್ಟುವಂಥದ್ದು, ಆದರೆ ಆ ಮನೆಯ ಸಂಜೆ ಇರುವುದು ಕಂಪನಿಯ ಕೈಯಲ್ಲಿ. ಹಾಗಾಗಿ ಕಂಪನಿ ಹೊಸದಾಗಿ ಏನೋ ಕೊಡುವುದಕ್ಕಿಂತ ಮೊದಲು, ತಾನು ತೆಗೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸ್ ಕೊಡಬೇಕು.

ಇದು ಈ ಊರಿಗೆ ಹೊಸ ವಿಚಾರವೂ ಅಲ್ಲ. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 53ರಲ್ಲಿ ಎಚ್‌ಎಂಟಿ, 54ರಲ್ಲಿ ಬಿಇಎಲ್, ಅವಕ್ಕೂ ಮೊದಲು 1940ರಲ್ಲಿ ಎಚ್‌ಎಎಲ್. ಬೆಂಗಳೂರಿನ ಈ ಕಾರ್ಖಾನೆಗಳು ಯಂತ್ರದ ಜತೆಗೆ ಕಾಲೊನಿಗಳನ್ನೂ ಕಟ್ಟಿದವು. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಬೆಳೆದವರನ್ನು ಕೇಳಿ. ಕ್ವಾರ್ಟರ್ಸ್‌ನಿಂದ ಮೈದಾನಕ್ಕೆ ಐದು ನಿಮಿಷ. ಸೈರನ್ ಆದ ಮೇಲೆ ಅಪ್ಪ ಸೈಕಲ್ಲಿನಲ್ಲಿ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಕಾರ್ಖಾನೆಯ ತಂಡ ಫುಟ್‌ಬಾಲ್ ಆಡಿದರೆ ಮಕ್ಕಳು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದರು, ಆಮೇಲೆ ಅದೇ ಮೈದಾನದಲ್ಲಿ ತಾವೇ ಆಡುತ್ತಿದ್ದರು. ಐಟಿಐ, ಎಚ್‌ಎಎಲ್ ತಂಡಗಳ ಹೆಸರು ಹಳೆಯ ಫುಟ್‌ಬಾಲ್ ಪ್ರೇಮಿಗಳಿಗೆ ಇವತ್ತೂ ಬಾಯಿಪಾಠ. ಅಲ್ಲಿ ಯಾರೂ ‘ವೆಲ್‌ಬೀಯಿಂಗ್’ ಎಂಬ ಪದ ಬಳಸಿದ್ದು ನಾನು ಕೇಳಿಲ್ಲ.

ಆ ಕಾಲವನ್ನು ಬೆಲ್ಲ ಹಚ್ಚಿ ಹೇಳುವುದೂ ಬೇಡ. ಆಫೀಸರ್ ಕ್ವಾರ್ಟರ್ಸು, ವರ್ಕರ್ ಕ್ವಾರ್ಟರ್ಸು ಎಂಬ ಗೆರೆ ಕ್ಲಬ್ಬಿನ ಬಾಗಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೈದಾನ ಹುಡುಗರದ್ದಾಗಿತ್ತು; ಹುಡುಗಿಯರು ಹತ್ತನೇ ಕ್ಲಾಸಿನ ಹೊತ್ತಿಗೆ ಒಳಗೆ ಸೇರುತ್ತಿದ್ದರು. ಅಮ್ಮಂದಿರಂತೂ ಆ ಮೈದಾನ ತುಳಿದದ್ದು ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಮ್ಯೂಸಿಕಲ್ ಚೇರಿಗೆ. ಆದರೂ ಆ ವ್ಯವಸ್ಥೆಯಲ್ಲಿ ಎರಡು ಸರಕು ಪುಕ್ಕಟೆ ಸಿಗುತ್ತಿತ್ತು: ಸಂಜೆಯ ಹೊತ್ತು, ನಡೆದು ಹೋಗುವಷ್ಟು ಹತ್ತಿರ ಒಂದು ಜಾಗ. ಇವತ್ತಿನ ನೌಕರನಿಗೆ ಎರಡೂ ಇಲ್ಲ. ಅದರ ಬದಲಿಗೆ ಆ್ಯಪ್ ಇದೆ.

ಮೊದಲು ಹೊತ್ತಿನ ವಿಷಯ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಅದು ಸರಾಸರಿ, ಸಿಲ್ಕ್ ಬೋರ್ಡಿನಲ್ಲಿ ಮಳೆ ಬಂದ ಸಂಜೆ ಆ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಹೀಗೆ ರಸ್ತೆ ತಿಂದು ಉಳಿದ ಸಂಜೆಯನ್ನು ಮೀಟಿಂಗ್ ತಿನ್ನುತ್ತದೆ. ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದರು, 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. 90 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 15 ಗಂಟೆ. ಉಳಿದ ಒಂಬತ್ತರಲ್ಲಿ ನಿದ್ದೆ, ಸ್ನಾನ, ಪ್ರಯಾಣ. ಅಲ್ಲಿ ಮಗುವಿಗೆ ಶಟಲ್ ಕಲಿಸುವ ಗಂಟೆ ಯಾವುದು ಎಂದು ಯಾವ ವೆಲ್‌ನೆಸ್ ಮ್ಯಾನೇಜರೂ ಹುಡುಕಿ ಕೊಡಲಾರ.

ಹಾಗಾಗಿ ನನ್ನ ಕೇಳಿಕೆಯಲ್ಲಿ ಮೊದಲನೆಯದು ಹಣ ಬೇಡದ್ದು. ಕ್ಯಾಲೆಂಡರ್ ಮುಟ್ಟಿ. ವಾರದಲ್ಲಿ ಮೂರು ದಿನ ಸಂಜೆ ಐದೂವರೆಯಿಂದ ಎಂಟರವರೆಗೆ ಯಾರೂ ಮೀಟಿಂಗ್ ಹಾಕುವಂತಿಲ್ಲ ಎಂದು ಮಾಡಿ, ಆ ಗೆರೆಯನ್ನು ಮೊದಲು ಡೈರೆಕ್ಟರುಗಳು ಪಾಲಿಸಲಿ. ಅಮೆರಿಕದ ಜತೆಗಿನ ಕಾಲ್ ತಪ್ಪದಿದ್ದರೆ, ರಾತ್ರಿ ಕಾಲ್ ಇದ್ದವರು ಮರುದಿನ ಹನ್ನೊಂದಕ್ಕೆ ಬರಲಿ, ಬೆಳಿಗ್ಗೆಯ ಹೊತ್ತು ಮನೆಯವರ ಜತೆ ಕಳೆಯಲಿ. ಕಾಲ್ ಸರದಿಯ ಮೇಲೆ ಬರಲಿ, ಒಬ್ಬನ ತಲೆಗೇ ಕಟ್ಟುವುದು ಬೇಡ. ಕ್ಯಾಬ್ ಡ್ರಾಪ್ ಕೊಡುವ ಕಂಪನಿಗಳು ರೂಟ್ ಹಾಕುವಾಗ ಐದೂಮುಕ್ಕಾಲಿನ ಒಂದು ಟ್ರಿಪ್ ಸೇರಿಸಲಿ. ಮೊದಲ ಡ್ರಾಪ್ ಆರೂವರೆಗೆ ಅಂತಿದ್ದರೆ ಅಷ್ಟೊತ್ತಿಗೆ ಮುಂಚೆ ಯಾರೂ ಎದ್ದು ಹೊರಡುವುದಿಲ್ಲ. ಮೆಟ್ರೊ ಹತ್ತಿರವಿದ್ದರೆ ಕೆಲಸ ಇನ್ನೂ ಸುಲಭ. ಪರ್ಪಲ್ ಲೈನು ವೈಟ್‌ಫೀಲ್ಡ್ ಮುಟ್ಟಿದೆ, ಯೆಲ್ಲೊ ಲೈನು 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೆ ಹೋಗುತ್ತಿದೆ. ಪಾರ್ಕಿಂಗಿಗೆ ಕೊಡುವ ದುಡ್ಡಿನಲ್ಲಿ ಮೆಟ್ರೊ ಕಾರ್ಡ್ ತುಂಬಿಸಿಕೊಟ್ಟರೆ ಸ್ಟೇಷನ್ನಿನಿಂದ ಮನೆಗೆ, ಆಫೀಸಿಗೆ ನಡೆಯುವ ಹೆಜ್ಜೆ ಯಾವ ಚಾಲೆಂಜೂ ಇಲ್ಲದೆ ಬಂದುಬಿಡುತ್ತದೆ.

ಎರಡನೇ ಮಹಡಿಯವರ ಮನೆಗೆ ಮತ್ತೆ ಹೋಗೋಣ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರದು 88 ನಿಮಿಷ. ‘ಮಾಡುವ’ ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ, ಮಾಡದ ಗಂಡಸರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಹೆಂಗಸರಲ್ಲಿ 57% ಜನರಿಗೆ ಚಟುವಟಿಕೆ ಸಾಲದು ಎಂಬ ಅಂಕಿಯನ್ನು ಈ 289ರ ಪಕ್ಕದಲ್ಲಿಟ್ಟು ಓದಬೇಕು. ಅವಳು ಸುಮ್ಮನೆ ಕೂತಿಲ್ಲ. ಅವಳದೇ ಆದ ಮೂವತ್ತು ನಿಮಿಷ ಅವಳಿಗಿಲ್ಲ. ಇಂಥ ಮನೆಗೆ ‘ಸ್ಪೌಸ್ ಯೋಗ ಸೆಷನ್, ಆನ್‌ಲೈನ್, ಬೆಳಿಗ್ಗೆ 7ಕ್ಕೆ’ ಎಂದು ಲಿಂಕ್ ಕಳಿಸಿದವರು ಆ ಹೊತ್ತಿಗೆ ಕುಕ್ಕರ್ ಎಷ್ಟು ಸಲ ಕೂಗುತ್ತದೆ, ಸ್ಕೂಲ್ ವ್ಯಾನ್ ಎಷ್ಟೊತ್ತಿಗೆ ಬರುತ್ತದೆ ಎಂದು ಯಾರನ್ನೂ ಕೇಳಿರಲಿಕ್ಕಿಲ್ಲ.

ಆದ್ದರಿಂದ ಗಂಡು ನೌಕರನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸುವುದು ಅವನ ಹೆಂಡತಿಯ ಫಿಟ್‌ನೆಸ್ ಪ್ರೋಗ್ರಾಂ ಎಂದೇ ನಾನು ಎಣಿಸುತ್ತೇನೆ. ಮಗುವನ್ನು ಅವನು ನೋಡಿಕೊಂಡರೆ ಅವಳು ಪಾರ್ಕಿಗೆ ಹೋಗಬಹುದು. ಹೆಣ್ಣು ನೌಕರರ ಮಟ್ಟಿಗೆ ಮಾತು ತಿರುಗುಮುರುಗು: ಆಫೀಸಿನ ಕ್ರೆಷ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಷ್ ಕಡ್ಡಾಯ ಮಾಡಿತು, ದಿನಕ್ಕೆ ನಾಲ್ಕು ಸಲ ತಾಯಿ ಮಗುವನ್ನು ನೋಡಿ ಬರಬಹುದು ಎಂದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಅದು ಮುಂದುವರಿದಿದೆ. ಆ ಕ್ರೆಷ್ ಶಿಫ್ಟ್ ಮುಗಿದು ಮುಕ್ಕಾಲು ಗಂಟೆ ತೆರೆದಿದ್ದರೆ ಸಾಕು, ತಾಯಿ ಕ್ಯಾಂಪಸ್ಸಿನ ಸುತ್ತ ನಾಲ್ಕು ರೌಂಡ್ ಹಾಕಿ ಮಗುವನ್ನು ಎತ್ತಿಕೊಂಡು ಹೊರಡಬಹುದು. ಮುಕ್ಕಾಲು ಗಂಟೆಯ ಆಯಾ ಸಂಬಳ ಎಷ್ಟಾದೀತು? ಒಂದು ಝುಂಬಾ ಡೇಗೆ ಕರೆಸುವ ಡಿಜೆಯ ಬಿಲ್ಲಿನ ಜತೆ ಇಟ್ಟು ನೋಡಲಿ.

ಇನ್ನು ಜಾಗ. ನಮ್ಮ ಊರಿನ ವಿಚಿತ್ರವೆಂದರೆ ಒಳ್ಳೊಳ್ಳೆಯ ಬ್ಯಾಡ್ಮಿಂಟನ್ ಕೋರ್ಟು, ಈಜುಕೊಳ, ಹುಲ್ಲಿನ ಅಂಗಳ ಎಲ್ಲ ಟೆಕ್ ಪಾರ್ಕುಗಳ ಒಳಗಿವೆ. ಶನಿವಾರ, ಭಾನುವಾರ ಅವು ಬಿಕೋ ಎನ್ನುತ್ತವೆ. ಮಕ್ಕಳು ಅದೇ ಹೊತ್ತಿಗೆ ಬೀದಿಯಲ್ಲಿ ನಿಂತ ಕಾರಿನ ಬಾನೆಟ್ಟನ್ನು ವಿಕೆಟ್ ಮಾಡಿಕೊಂಡಿರುತ್ತಾರೆ. ಶನಿವಾರ ಬೆಳಿಗ್ಗೆ 7ರಿಂದ 11ರವರೆಗೆ ನೌಕರರ ಕುಟುಂಬಕ್ಕೆ ಗೇಟು ತೆರೆಯಿರಿ ಎಂದರೆ ಅಡ್ಮಿನ್‌ನವರು ಸೆಕ್ಯುರಿಟಿ, ಇನ್ಶೂರೆನ್ಸ್ ಎನ್ನುತ್ತಾರೆ. ಎರಡೂ ನಿಜವಾದ ತೊಡಕುಗಳೇ. ಆದರೆ ವರ್ಷಕ್ಕೊಮ್ಮೆ ಫ್ಯಾಮಿಲಿ ಡೇ ದಿನ ಅದೇ ಗೇಟಿನಲ್ಲಿ ಕೈಗೊಂದು ಬ್ಯಾಂಡ್ ಕಟ್ಟಿ ಎಲ್ಲರನ್ನೂ ಒಳಗೆ ಬಿಡುತ್ತಾರಲ್ಲ, ಅವತ್ತು ಪರಿಹಾರ ಗೊತ್ತಿರುತ್ತದೆ. ನಾನು ಹೋಗಿದ್ದ ಒಂದು ಫ್ಯಾಮಿಲಿ ಡೇಯಲ್ಲಿ ಪಿಜ್ಜಾ ಸ್ಟಾಲು, ಬಾಂಬೆ ಮಿಠಾಯಿ, ಮಕ್ಕಳಿಗೆ ಕೂತಲ್ಲೇ ಆಡುವ ವಿಆರ್ ಗೇಮು ಇತ್ತು. ‘ವೆಲ್‌ನೆಸ್ ಕಾರ್ನರ್’ ಎಂಬ ಬೋರ್ಡಿನ ಕೆಳಗೆ ತೂಕದ ಯಂತ್ರ ಇಟ್ಟುಕೊಂಡು ಒಬ್ಬ ಹುಡುಗಿ ಒಂಟಿಯಾಗಿ ಕೂತಿದ್ದಳು. ಹೊಟ್ಟೆ ತುಂಬ ಪಿಜ್ಜಾ ತಿಂದವರು ಆ ಯಂತ್ರ ಹತ್ತುತ್ತಾರೆಯೇ?

ಕ್ಯಾಂಪಸ್ಸು ದೂರವಾದರೆ, ಮನೆಯ ಹತ್ತಿರ ಕಟ್ಟಿರಿ. ಉತ್ತರಹಳ್ಳಿಯಿಂದ ವೈಟ್‌ಫೀಲ್ಡಿಗೆ ವಾರವಿಡೀ ಹೋಗಿಬಂದವನು ಶನಿವಾರವೂ ಅದೇ ದಾರಿ ಹಿಡಿಯಲಿ ಎನ್ನುವುದು ಅನ್ಯಾಯ. ನೌಕರರ ಪಿನ್‌ಕೋಡ್ ಎಚ್‌ಆರ್ ಬಳಿ ಇದೆ. ಮೂವತ್ತು ನಲವತ್ತು ಕುಟುಂಬ ಒಂದೇ ಕಡೆ ಇದ್ದರೆ, ಅಲ್ಲಿನ ಶಾಲೆಯೊಂದರ ಮೈದಾನವನ್ನು ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ಒಬ್ಬ ಪಿಟಿ ಮಾಸ್ತರನ್ನು ಗೊತ್ತು ಮಾಡಿದರೆ ಆಯಿತು. ಖೋ ಖೋ, ಲಗೋರಿ, ಥ್ರೋಬಾಲ್ ಆಡಲು ಹೆಚ್ಚು ಸಾಮಾನು ಬೇಕಾಗಿಲ್ಲ; ಲಗೋರಿಗೆ ಏಳು ಬಿಲ್ಲೆ, ಒಂದು ಚೆಂಡು. ಐವತ್ತು ದಾಟಿದವರು ಮೈದಾನದ ಅಂಚಿನಲ್ಲಿ ನಡೆಯುತ್ತಾರೆ. ಬೆಂಗಳೂರಿನ ಪಾಲಿಕೆ ಪಾರ್ಕುಗಳು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಆದೇಶವಾದದ್ದು ತಡವಾಗಿ ಮನೆ ಸೇರುವವರಿಗೆ ನಿಜಕ್ಕೂ ಉಪಕಾರ. ಅಲ್ಲಿ ಕೆಟ್ಟುಹೋದ ದೀಪ, ಬಾಗಿಲಿಲ್ಲದ ಹೆಂಗಸರ ಶೌಚಾಲಯ ಸರಿಪಡಿಸಲು ಕಂಪನಿಯೊಂದು ಮುಂದೆ ಬಂದರೆ ನೌಕರರ ಮನೆಯವರ ಜತೆ ಬೀದಿಯವರೂ ನಡೆಯುತ್ತಾರೆ. ಕತ್ತಲ ಪಾರ್ಕಿಗೆ ರಾತ್ರಿ ಒಂಬತ್ತಕ್ಕೆ ಯಾವ ಹೆಣ್ಣುಮಗಳು ಹೋಗುತ್ತಾಳೆ?

ವರ್ಷಕ್ಕೊಮ್ಮೆಯ ಓಟಗಳ ಬಗ್ಗೆ ನನಗೆ ಸಿಟ್ಟಿಲ್ಲ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ‘ಮಜ್ಜಾ ರನ್’ ಎಂಬ ವಿಭಾಗ ಇದೆ. ಅಜ್ಜಿ, ಮೊಮ್ಮಗ, ವೇಷ ಹಾಕಿದವರು ಎಲ್ಲ ಬರುತ್ತಾರೆ, ಖುಷಿಯಾಗುತ್ತದೆ. ಕಂಪನಿ ಕುಟುಂಬದವರಿಗೂ ಶುಲ್ಕ ಕಟ್ಟಿದರೆ ಒಳ್ಳೆಯದೇ. ಆದರೆ ಓಟದ ದಿನಕ್ಕಿಂತ ಅದಕ್ಕೆ ಹಿಂದಿನ ಎಂಟು ಭಾನುವಾರಗಳಿಗೆ ಖರ್ಚು ಮಾಡಿದರೆ ಬೆವರಿಗೆ ಬೆಲೆ.

ಊಟದ ವಿಚಾರ ಬೇಗ ಮುಗಿಸುತ್ತೇನೆ. ನಾಲ್ಕು ಗಂಟೆಯ ಮೀಟಿಂಗಿಗೆ ಸಮೋಸ, ದೀಪಾವಳಿಗೆ ಮನೆಗೆ ಒಂದು ಕಿಲೋ ಸ್ವೀಟ್ ಬಾಕ್ಸು. ಇವೆರಡನ್ನು ಬದಲಿಸುವುದು ಡಯಟೀಷಿಯನ್ ಭಾಷಣಕ್ಕಿಂತ ಸುಲಭ. ದೀಪಾವಳಿಗೆ ಒಂದು ಫುಟ್‌ಬಾಲು, ಒಂದು ಜತೆ ಶಟಲ್ ಬ್ಯಾಟು, ಸ್ಕಿಪ್ಪಿಂಗ್ ಹಗ್ಗ ಮನೆಗೆ ಬರಲಿ. ಸ್ವೀಟು ಹೇಗೂ ಪಕ್ಕದ ಮನೆಯಿಂದ ಬರುತ್ತದೆ.

ಕುಟುಂಬ ಎಂದಾಗ ಅಪ್ಪ ಅಮ್ಮನ ಮಾತು ಬಂದೇ ಬರುತ್ತದೆ. ಗ್ರೂಪ್ ಇನ್ಶೂರೆನ್ಸಿನಲ್ಲಿ ತಂದೆತಾಯಿಯನ್ನು ಸೇರಿಸುವ ಕಂಪನಿಗಳು ಬಹಳ ಇವೆ. ಆದರೆ ಚೆಕಪ್ ಕೂಪನ್ ನಡೆಯುವುದು ಬೆಂಗಳೂರಿನ ಲ್ಯಾಬಿನಲ್ಲಿ, ಅಪ್ಪ ಅಮ್ಮ ಇರುವುದು ಸಕಲೇಶಪುರದಲ್ಲೋ ಸಿರ್ಸಿಯಲ್ಲೋ. ನನ್ನ ಪರಿಚಯದ ಒಬ್ಬಾಕೆ ಎರಡು ವರ್ಷ ಆ ಕೂಪನ್ ಹಾಳುಮಾಡಿಕೊಂಡು, ಮೂರನೇ ವರ್ಷ ಅಮ್ಮನನ್ನು ರಾತ್ರಿ ಬಸ್ಸಿನಲ್ಲಿ ಕರೆಸಿಕೊಂಡಳು. ಖಾಲಿಹೊಟ್ಟೆಯಲ್ಲಿ, ನಿದ್ದೆಗೆಟ್ಟು, ಬಸ್ಸಿನಿಂದ ನೇರ ಲ್ಯಾಬಿಗೆ ಬಂದ ಹೆಂಗಸಿನ ಬಿಪಿ ಎಷ್ಟು ಬರಬೇಕೋ ಅಷ್ಟು ಬಂತು. ಜಿಲ್ಲಾ ಕೇಂದ್ರದ ಲ್ಯಾಬುಗಳನ್ನೂ ಒಪ್ಪಂದಕ್ಕೆ ಸೇರಿಸಿ ಎಂದು ಇನ್ಶೂರೆನ್ಸ್ ಬ್ರೋಕರ್ ಜತೆ ಪಟ್ಟು ಹಿಡಿಯಬೇಕಾದವರು ಎಚ್‌ಆರ್‌ನವರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೂತು ಕೆಲಸ ಮಾಡುವವರ ಕಥೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮುಂದೆ ಸ್ಟೆಪ್ ಚಾಲೆಂಜ್ ಮಾತೆತ್ತಿದರೆ ನಗುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಮುಗಿಸಿ ಬಂದವರಿಗೆ ಬೇಕಾದದ್ದು ಇನ್ನಷ್ಟು ಓಟ ಅಲ್ಲ. ಅವರ ದೇಹಕ್ಕೆ ವಿಶ್ರಾಂತಿ ಬೇಕು, ರಕ್ತ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, 47.8% ಮಂದಿಗೆ ರಕ್ತಹೀನತೆ ಇತ್ತು. ಕಾರ್ಖಾನೆ ಕ್ಯಾಂಟೀನಿನ ಊಟದಲ್ಲಿ ಸೊಪ್ಪು, ಕಾಳು, ಮೊಟ್ಟೆ. ಬಾತ್‌ರೂಮಿಗೆ ಹೋಗಲು ಸೂಪರ್‌ವೈಸರ್ ಮುಖ ನೋಡಬೇಕಿಲ್ಲದ ಬಿಡುವು. ಬೆನ್ನು ಕುತ್ತಿಗೆ ಸಡಿಲಿಸಲು ಎರಡು ಗಂಟೆಗೊಮ್ಮೆ ಐದು ನಿಮಿಷ ಲೈನ್ ನಿಲ್ಲಿಸುವುದು. ಅವರ ವೆಲ್‌ನೆಸ್ ಇಲ್ಲಿಂದ ಶುರು.

ಕುಟುಂಬದ ವಿಷಯದಲ್ಲಿ ಅವರಿಗೊಂದು ದೊಡ್ಡ ಹಕ್ಕು ಆಗಲೇ ಇದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಎಂಬ ಸರ್ಕಾರಿ ಆರೋಗ್ಯ ವಿಮೆ ಇದ್ದು, ಸಂಬಳದ ಮೇಲೆ ಮಾಲೀಕರು 3.25%, ನೌಕರರು 0.75% ಕಟ್ಟುತ್ತಾರೆ, ಚಿಕಿತ್ಸೆ ಅವಲಂಬಿತ ಕುಟುಂಬಕ್ಕೂ ಸಿಗುತ್ತದೆ. ಆದರೆ ಡಿಸ್ಪೆನ್ಸರಿಗೆ ಹೋಗಲು ಅರ್ಧ ದಿನದ ಸಂಬಳ ಹೋಗುತ್ತದೆಂದರೆ ಅತ್ತೆಯ ಸಕ್ಕರೆ ಕಾಯಿಲೆ ಯಾರೂ ನೋಡಿಸುವುದಿಲ್ಲ. ತಿಂಗಳಿಗೊಂದು ಅರ್ಧ ದಿನ ಸಂಬಳ ಕಡಿಯದೆ ಕೊಟ್ಟು, ಕಾರ್ಡಿನಲ್ಲಿ ಮನೆಯವರ ಹೆಸರು ಸೇರಿಸಿಕೊಡಲು ಆಫೀಸಿನಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿದರೆ, ಅದೇ ಆ ಕಾರ್ಖಾನೆಯ ಅತ್ಯುತ್ತಮ ಫ್ಯಾಮಿಲಿ ಪ್ರೋಗ್ರಾಂ. ಇದರ ನಡುವೆ 2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯಲ್ಲೇ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ವಾರಕ್ಕೆ ನಾಲ್ಕೇ ದಿನ ಕೆಲಸ, ಮೂರು ದಿನ ರಜೆ ಸಿಗುತ್ತದಲ್ಲ ಎನ್ನುವ ಸಮರ್ಥನೆ ಕಾಗದದ ಮೇಲೆ ಚೆನ್ನಾಗಿದೆ. 12 ಗಂಟೆ ಲೈನಿನಲ್ಲಿದ್ದು ಮನೆಗೆ ಬಂದ ತಾಯಿಗೆ ಆ ನಾಲ್ಕು ದಿನ ಮಗು ಎಚ್ಚರವಿರುವಾಗ ಸಿಗುವುದೇ ಇಲ್ಲ.

ಈಗ ಆಟೋ, ಕ್ಯಾಬ್ ಓಡಿಸುವವರ ಬಗ್ಗೆ ಹೇಳಿದ ಆ ಹಾಸನದ ವರದಿಗೆ. ನಮ್ಮ ಎರಡನೇ ಮಹಡಿಯವರನ್ನು ದಿನಾ ಡ್ರಾಪ್ ಮಾಡುವ ಕ್ಯಾಬ್ ಚಾಲಕರು ಅವರ ಕಂಪನಿಯ ನೌಕರರಲ್ಲ, ಟ್ರಾವೆಲ್ಸ್‌ನವರು. ಗೇಟಿನ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನಿನ ಹುಡುಗರು ಎಲ್ಲ ಗುತ್ತಿಗೆ. ಹನ್ನೆರಡು ಹದಿನಾಲ್ಕು ಗಂಟೆ ಸೀಟಿನಲ್ಲಿ ಕೂತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಕಾರಿನಲ್ಲೇ ನಿದ್ದೆ ಮಾಡುವವರು ಹೃದಯದ ಕಾಯಿಲೆಗೆ ಎಲ್ಲರಿಗಿಂತ ಹತ್ತಿರ ಇರುವವರು. ಕಂಪನಿಯ ಚೆಕಪ್, ಜಿಮ್, ಸ್ಟೆಪ್ ಚಾಲೆಂಜ್ ಯಾವುದರ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಗುತ್ತಿಗೆ ಕರಾರಿಗೆ ಎರಡು ಸಾಲು ಸೇರಿಸಿದರೆ ಆಗುವ ಕೆಲಸ ಇದು: ಎರಡು ಟ್ರಿಪ್ ನಡುವೆ ಕಾಲು ಚಾಚುವ ಒಂದು ಕೋಣೆ, ವರ್ಷಕ್ಕೊಂದು ತಪಾಸಣೆ, ಸತತ ಡ್ಯೂಟಿಗೆ ಒಂದು ಮಿತಿ.

ಕೊನೆಗೆ ಒಂದು ಎಚ್ಚರಿಕೆ, ಮುಖ್ಯವಾಗಿ ಫ್ಯಾಮಿಲಿ ಆ್ಯಪ್ ಕೊಳ್ಳಲು ಹೊರಟವರಿಗೆ. ಹೆಂಡತಿಯ ತೂಕ, ಅತ್ತೆಯ ಶುಗರ್, ಮಗನ ಹೆಜ್ಜೆ ಎಲ್ಲವೂ ಕಂಪನಿ ಕೊಂಡ ಸಾಫ್ಟ್‌ವೇರಿಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ದೃಢೀಕೃತ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಚಲನವಲನವನ್ನು ಬೆನ್ನಟ್ಟಿ ದಾಖಲಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಯಾಗುತ್ತಿವೆ. ಮಕ್ಕಳ ಸ್ಟೆಪ್ ಲೀಡರ್‌ಬೋರ್ಡ್ ಮಾಡುವ ಮೊದಲು ಲೀಗಲ್ ವಿಭಾಗದವರನ್ನು ಒಂದು ಮಾತು ಕೇಳುವುದು ಕ್ಷೇಮ. ಕಾನೂನು ಬಿಡಿ, ದಪ್ಪಗಿರುವ ಹತ್ತು ವರ್ಷದ ಹುಡುಗನ ಹೆಸರು ಅಪ್ಪನ ಆಫೀಸಿನ ಪಟ್ಟಿಯಲ್ಲಿ ಕೊನೆಗೆ ಬಂದರೆ ಆ ಮಗು ಮೈದಾನಕ್ಕೆ ಹೋಗುತ್ತದೋ, ಮೈದಾನ ಕಂಡರೆ ಓಡಿಹೋಗುತ್ತದೋ?

ಹಾಗಾದರೆ ಏನನ್ನು ಅಳೆಯಬೇಕು? ಮ್ಯಾನೇಜ್‌ಮೆಂಟಿಗೆ ಒಂದು ಸಂಖ್ಯೆ ಬೇಕೇ ಬೇಕು, ಇಲ್ಲದಿದ್ದರೆ ಬಜೆಟ್ ಬರುವುದಿಲ್ಲ. ನನ್ನ ಸಲಹೆ, ಮೂರು ತಿಂಗಳಿಗೊಮ್ಮೆ ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಕಳೆದ ವಾರ ಎಷ್ಟು ದಿನ ಬೆಳಕಿರುವಾಗಲೇ ಮನೆ ಸೇರಿದಿರಿ? ಯಾರ ರಕ್ತವೂ ಬೇಡ, ಯಾರ ತೂಕವೂ ಬೇಡ. ಉತ್ತರ ಸೊನ್ನೆಯಿಂದ ಎರಡಕ್ಕೆ ಏರಿದರೆ ಉಳಿದದ್ದನ್ನು ಮನೆಯವರು ನೋಡಿಕೊಳ್ಳುತ್ತಾರೆ.

ಮೊನ್ನೆ ಲಿಫ್ಟಿನಲ್ಲಿ ಎರಡನೇ ಮಹಡಿಯವರು ಸಿಕ್ಕಾಗ ಈ ಪ್ರಶ್ನೆಯನ್ನು ಅವರಿಗೇ ಕೇಳಿದೆ. ಸೋಮವಾರದಿಂದ ಬೆರಳು ಮಡಿಸುತ್ತಾ ಶುಕ್ರವಾರದವರೆಗೆ ಬಂದರು, ಮಡಿಸಿದ ಬೆರಳನ್ನೆಲ್ಲ ಮತ್ತೆ ಬಿಡಿಸಿದರು. ‘ಶನಿವಾರ ಸೇರಿಸ್ಕೋಬಹುದಾ ಸಾರ್?’